ಡಾ. ಝಾಕಿರ್ ಹುಸೇನ್: ಮಕ್ಕಳ ಕೈಗೆ ಕೆಲಸ ಕೊಟ್ಟ ಶಿಕ್ಷಕ

ನಮ್ಮ ದೇಶದ ಮೂರನೆಯ ರಾಷ್ಟ್ರಪತಿಗಳಾಗಿದ್ದ ಡಾ. ಝಾಕಿರ್ ಹುಸೇನ್ ಅವರ ಹೆಸರನ್ನು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದದ ವಿದ್ಯಾರ್ಥಿಗಳು ಕಡಿಮೆ. (ಈಗಿನ ಕೆಲವು ಮಕ್ಕಳಿಗೆ ಈ ಹೆಸರು ಕೇಳಿದೊಡನೆ 2024ರಲ್ಲಿ ನಿಧನರಾದ ತಬಲಾ ಕಲಾವಿದ ಉಸ್ತಾದ್ ಝಾಕಿರ್ ಹುಸೇನ್ ನೆನಪಾಗುತ್ತಾರೆ. ಅವರು ಬೇರೆ, ಇವರು ಬೇರೆ.) ರಾಷ್ಟ್ರಪತಿ, ಭಾರತರತ್ನ, ರಾಜ್ಯಪಾಲ ಎಂದು ಪದವಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ನಾವು ಅವರ ಜೀವನಚರಿತ್ರೆಯನ್ನು ಮುಗಿಸಿಬಿಡುತ್ತೇವೆ. ಆದರೆ ಅವರು ರಾಷ್ಟ್ರಪತಿ ಭವನದಲ್ಲಿ ಇದ್ದದ್ದು ಎರಡು ವರ್ಷಕ್ಕೂ ಕಡಿಮೆ. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಮುಖ್ಯಸ್ಥರಾಗಿ ಇದ್ದದ್ದು ಇಪ್ಪತ್ತೆರಡು ವರ್ಷ. ಶಿಕ್ಷಕರಾದ ನಮಗೂ ವಿದ್ಯಾರ್ಥಿಗಳಿಗೂ ಬೇಕಾದ ಝಾಕಿರ್ ಸಾಹೇಬರು ಸಿಗುವುದು ಆ ಇಪ್ಪತ್ತೆರಡು ವರ್ಷಗಳಲ್ಲಿ. ಎಂಟು, ಒಂಬತ್ತು, ಹತ್ತು ವರ್ಷದ ಮಕ್ಕಳು ಕೈಯಿಂದ ಕೆಲಸ ಮಾಡುತ್ತಾ ಹೇಗೆ ಕಲಿಯುತ್ತಾರೆ ಎಂಬ ಪ್ರಶ್ನೆಯನ್ನು ಅವರಷ್ಟು ಗಂಭೀರವಾಗಿ ತೆಗೆದುಕೊಂಡ ವಿದ್ವಾಂಸರು ಆ ಕಾಲದಲ್ಲಿ ವಿರಳ.

ಝಾಕಿರ್ ಹುಸೇನರು 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದರು. ಅವರದು ಉತ್ತರ ಪ್ರದೇಶದ ಫರೂಖಾಬಾದ್ ಜಿಲ್ಲೆಯ ಕಾಯಮ್‌ಗಂಜ್‌ನ ಪಠಾಣ ಮನೆತನ. ತಂದೆ ಫಿದಾ ಹುಸೇನ್ ಖಾನ್ ಹೈದರಾಬಾದಿನಲ್ಲಿ ವಕೀಲರಾಗಿದ್ದರು. 1907ರಲ್ಲಿ ತಂದೆ ತೀರಿಕೊಂಡಾಗ ಬಾಲಕನಿಗೆ ಹತ್ತು ವರ್ಷ. ಕುಟುಂಬ ಊರಿಗೆ ಮರಳಿತು. ಇಟಾವಾದ ಇಸ್ಲಾಮಿಯಾ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ, 1911ರಲ್ಲಿ, ಪ್ಲೇಗು ಬಂದು ತಾಯಿಯನ್ನೂ ಕರೆದೊಯ್ದಿತು. ಯತೀಮ್ ಮಕ್ಕಳ ಕಷ್ಟವನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಮುಂದೆ ಅಲಿಘಡದ ಎಂ.ಎ.ಓ. ಕಾಲೇಜು. ಅಲ್ಲಿ ಎಂ.ಎ. ಓದುತ್ತಾ ಅರೆಕಾಲಿಕ ಅಧ್ಯಾಪಕರೂ ಆಗಿದ್ದರು. 1920ರ ಅಕ್ಟೋಬರಿನಲ್ಲಿ ಗಾಂಧೀಜಿಯವರೂ ಅಲಿ ಸಹೋದರರೂ ಅಲಿಘಡಕ್ಕೆ ಬಂದು ಸರ್ಕಾರದ ನೆರವಿನ ವಿದ್ಯಾಸಂಸ್ಥೆಗಳನ್ನು ಬಿಟ್ಟು ಬರುವಂತೆ ವಿದ್ಯಾರ್ಥಿಗಳಿಗೆ ಕರೆ ಕೊಟ್ಟರು. ಕಾಲೇಜು ಬಿಟ್ಟವರಲ್ಲಿ ಝಾಕಿರ್ ಹುಸೇನರೂ ಒಬ್ಬರು. ಬಿಟ್ಟು ಬಂದ ಮೇಲೆ ಮುಂದೇನು ಎಂದು ಯೋಚಿಸಿದವರಲ್ಲೂ ಅವರು ಮುಂದಿದ್ದರು. ಅದೇ ತಿಂಗಳ 29ರಂದು ಜಾಮಿಯಾ ಮಿಲ್ಲಿಯಾ ಸ್ಥಾಪನೆಯಾಯಿತು. ಎರಡು ವರ್ಷ ಅಲ್ಲಿ ಪಾಠ ಹೇಳಿ, 1922ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಜರ್ಮನಿಗೆ ಹೊರಟರು.

ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಅರ್ಥಶಾಸ್ತ್ರ. ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯ ಬಗ್ಗೆ ಪ್ರಬಂಧ ಬರೆದು 1926ರಲ್ಲಿ ಡಾಕ್ಟರೇಟ್ ಪಡೆದರು. ಆದರೆ ಜರ್ಮನಿಯಿಂದ ಅವರು ನಿಜವಾಗಿ ತಂದದ್ದು ಬೇರೆ ಎರಡು ವಿಷಯ. ಒಂದು, ಸ್ವಂತ ಕೈಕೆಲಸದ ರುಚಿ. ಬರ್ಲಿನ್ನಿನ ಕಾವ್ಯಾನಿ ಮುದ್ರಣಾಲಯದಲ್ಲಿ ಮಿರ್ಜಾ ಗಾಲಿಬರ ದೀವಾನ್ ಅಚ್ಚಾದಾಗ ಈ ವಿದ್ಯಾರ್ಥಿ ತಾನೇ ನಿಂತು ಮೊಳೆ ಜೋಡಿಸಿದ್ದರು. ಇನ್ನೊಂದು, ಗೇಯಾರ್ಗ್ ಕೆರ್ಷೆನ್‌ಸ್ಟೈನರ್ ಎಂಬ ಶಿಕ್ಷಣತಜ್ಞರ ವಿಚಾರ.

ಈ ಕೆರ್ಷೆನ್‌ಸ್ಟೈನರರ ಹೆಸರನ್ನು ನಮ್ಮ ಬಿ.ಎಡ್. ತರಗತಿಗಳಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಅವರು ಮ್ಯೂನಿಕ್ ನಗರದ ಶಾಲೆಗಳ ಮೇಲಧಿಕಾರಿಯಾಗಿದ್ದವರು. ಪುಸ್ತಕದ ಶಾಲೆ ಸಾಲದು, ಕೆಲಸದ ಶಾಲೆ ಬೇಕು ಎಂದವರು. ಅವರು ಕೊಡುತ್ತಿದ್ದ ಒಂದು ಉದಾಹರಣೆ ಬಹಳ ಸರಳ. ಹುಡುಗನೊಬ್ಬ ಹಕ್ಕಿ ಗೂಡು ಕಟ್ಟಲು ಮರದ ಪೆಟ್ಟಿಗೆಯೊಂದನ್ನು ಮಾಡಬೇಕು. ಯಾವ ಹಲಗೆ, ಎಷ್ಟು ದಪ್ಪ, ಎಷ್ಟು ಉದ್ದಕ್ಕೆ ಕೊಯ್ಯಬೇಕು, ಬಾಗಿಲ ರಂಧ್ರ ಎಷ್ಟು ಅಗಲವಿರಬೇಕು, ಮಳೆನೀರು ಇಳಿಯಲು ಮುಚ್ಚಳ ಎಷ್ಟು ಓರೆಯಾಗಿರಬೇಕು, ಇದನ್ನೆಲ್ಲ ಅವನು ಮೊದಲು ಯೋಚಿಸಬೇಕು. ಆಮೇಲೆ ಮಾಡಬೇಕು. ಮಾಡಿದ ಮೇಲೆ ಎರಡು ಹಲಗೆಗಳ ನಡುವೆ ಸಂದು ಉಳಿದಿದ್ದರೆ ಅದನ್ನು ಶಿಕ್ಷಕರು ಕೆಂಪು ಶಾಯಿಯಲ್ಲಿ ಗುರುತಿಸುವ ಅಗತ್ಯವೇ ಇಲ್ಲ. ಪೆಟ್ಟಿಗೆಯೇ ತಪ್ಪನ್ನು ತೋರಿಸುತ್ತದೆ. ಹುಡುಗ ಅದನ್ನು ಬಿಚ್ಚಿ ಮತ್ತೆ ಕೂಡಿಸುತ್ತಾನೆ.

ಝಾಕಿರ್ ಸಾಹೇಬರ ಶಿಕ್ಷಣ ಚಿಂತನೆಯೆಲ್ಲ ಈ ಪೆಟ್ಟಿಗೆಯ ಸುತ್ತಲೇ ಬೆಳೆಯಿತೆಂದರೆ ತಪ್ಪಾಗಲಾರದು. ಕೈ ಆಡಿದ ಮಾತ್ರಕ್ಕೆ ಅದು ತಾಲೀಮು ಆಗುವುದಿಲ್ಲ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಮಾಡಬೇಕಾದ್ದು ಏನೆಂದು ಮಗುವಿಗೆ ತಿಳಿದಿರಬೇಕು, ಹೇಗೆ ಮಾಡುವುದೆಂದು ಅದು ತಾನೇ ಯೋಜಿಸಬೇಕು, ಮಾಡಬೇಕು, ಕೊನೆಗೆ ಮಾಡಿದ್ದನ್ನು ತಾನೇ ಪರೀಕ್ಷಿಸಿ ಸರಿ ತಪ್ಪು ಹೇಳಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಕೂಲಿ, ಇಲ್ಲವೇ ಆಟ. ಇಂದು ನಮ್ಮ ಶಾಲೆಗಳಲ್ಲಿ 'ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಥರ್ಮೋಕೋಲ್ ಮನೆಗಳು ಬರುತ್ತವೆ. ಯೋಜನೆ ತಂದೆಯದು, ಅಂಟಿಸಿದ್ದು ತಾಯಿ, ಚಿತ್ರ ಸ್ಟೇಷನರಿ ಅಂಗಡಿಯದು. ಮಗು ಅದನ್ನು ಮುರಿಯದಂತೆ ಹಿಡಿದುಕೊಂಡು ಬರುತ್ತದೆ, ಅಷ್ಟೇ. ಝಾಕಿರ್ ಸಾಹೇಬರ ಅಳತೆಗೋಲಿನಲ್ಲಿ ಇದಕ್ಕೆ ಸೊನ್ನೆ ಅಂಕ.

ಅವರು ಬರ್ಲಿನ್ನಿನಲ್ಲಿದ್ದಾಗ ಜಾಮಿಯಾದ ಸ್ಥಿತಿ ಬಹಳ ಹದಗೆಟ್ಟಿತ್ತು. ಖಿಲಾಫತ್ ಚಳವಳಿ ತಣ್ಣಗಾಗಿತ್ತು, ಹಣ ಬರುವುದು ನಿಂತಿತ್ತು, ಮುಚ್ಚಿಬಿಡೋಣ ಎನ್ನುವವರೇ ಹೆಚ್ಚಾಗಿದ್ದರು. ಹಕೀಮ್ ಅಜ್ಮಲ್ ಖಾನ್ ಸಾಹೇಬರು ಅದನ್ನು ಉಳಿಸಿಕೊಳ್ಳಲು ಹೆಣಗಿ 1925ರಲ್ಲಿ ದೆಹಲಿಯ ಕರೋಲ್‌ಬಾಗಿಗೆ ಸ್ಥಳಾಂತರಿಸಿದರು. ಝಾಕಿರ್ ಹುಸೇನರು ಮತ್ತು ಅವರ ಗೆಳೆಯರಾದ ಮೊಹಮ್ಮದ್ ಮುಜೀಬ್ ಹಾಗೂ ಆಬಿದ್ ಹುಸೇನ್, ತಾವು ಜಾಮಿಯಾಕ್ಕಾಗಿ ಬದುಕನ್ನೇ ಕೊಡಲು ಸಿದ್ಧ, ತಾವು ಬರುವವರೆಗೆ ಮುಚ್ಚಬಾರದು ಎಂದು ಸಂದೇಶ ಕಳುಹಿಸಿದರು. ಮೂವರೂ 1926ರಲ್ಲಿ ಬಂದರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಝಾಕಿರ್ ಹುಸೇನರು ಶೇಖುಲ್ ಜಾಮಿಯಾ, ಅಂದರೆ ಕುಲಪತಿ ಆದರು. ಮರುವರ್ಷವೇ ಹಕೀಮ್ ಸಾಹೇಬರು ವಫಾತಾದರು. ಇದ್ದ ಆಸರೆಯೂ ಹೋಯಿತು.

1928ರಲ್ಲಿ ಜಾಮಿಯಾದ ಅಧ್ಯಾಪಕರು ಒಂದು ಪ್ರತಿಜ್ಞೆ ಮಾಡಿದರು: ಇಪ್ಪತ್ತು ವರ್ಷ ಇಲ್ಲೇ ಸೇವೆ ಮಾಡುವುದು, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳದಿರುವುದು. ಕುಲಪತಿಗಳು ತೆಗೆದುಕೊಳ್ಳುತ್ತಿದ್ದದ್ದು ನೂರು ರೂಪಾಯಿಗೂ ಕಡಿಮೆ, ಅದೂ ಎಷ್ಟೋ ತಿಂಗಳು ಪೂರ್ತಿ ಕೈಸೇರುತ್ತಿರಲಿಲ್ಲ. ಬೇಗಂ ಶಾಹಜಹಾನ್ ಅವರು ಮನೆಯನ್ನು ಹೇಗೆ ತೂಗಿಸಿದರೋ ಅಲ್ಲಾಹನೇ ಬಲ್ಲ. ಮಹಾಪುರುಷರ ಚರಿತ್ರೆಗಳಲ್ಲಿ ಇಂಥ ಹೆಂಗಸರಿಗೆ ಒಂದು ಸಾಲು ಸಿಗುವುದೂ ಕಷ್ಟ.

ವಿಶ್ವವಿದ್ಯಾಲಯದ ಮುಖ್ಯಸ್ಥರೊಬ್ಬರು ಪ್ರಾಥಮಿಕ ಶಾಲೆಯ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಂಡದ್ದು ಆಗ ಹಲವರಿಗೆ ವಿಚಿತ್ರವೆನಿಸಿತ್ತು. ಜಾಮಿಯಾದ ಪ್ರಾಥಮಿಕ ಶಾಲೆಯನ್ನು ನೋಡಿಕೊಳ್ಳುತ್ತಿದ್ದವರು ಅಬ್ದುಲ್ ಗಫ್ಫಾರ್ ಮುಧೋಲಿ ಎಂಬ ಉಸ್ತಾದರು. ಪ್ರಾಜೆಕ್ಟ್ ವಿಧಾನವನ್ನು ಅಲ್ಲಿ ನಿಜವಾಗಿ ನಡೆಸಿ ತೋರಿಸಿದವರು ಅವರು. ಮಕ್ಕಳದೇ ಒಂದು ಬ್ಯಾಂಕು, ಮಕ್ಕಳದೇ ಒಂದು ಅಂಗಡಿ, ಮಕ್ಕಳದೇ ತೋಟ, ಮಕ್ಕಳದೇ ಆಡಳಿತ. ಬ್ಯಾಂಕೆಂದರೆ ಚಿತ್ರದಲ್ಲಿ ಬರೆದ ಬ್ಯಾಂಕಲ್ಲ. ಮಕ್ಕಳ ಕೈಖರ್ಚಿನ ಕಾಸು ಅಲ್ಲಿ ಜಮಾ ಆಗುತ್ತಿತ್ತು, ಲೆಕ್ಕ ಬರೆಯುತ್ತಿದ್ದವರೂ ಮಕ್ಕಳೇ. ಕೂಡುವ ಕಳೆಯುವ ಲೆಕ್ಕ ತಪ್ಪಿದರೆ ಗೆಳೆಯನ ಕಾಸು ಕಡಿಮೆಯಾಗುತ್ತದೆ. ಒಂಬತ್ತು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ? ಮೂರನೆಯ, ನಾಲ್ಕನೆಯ ತರಗತಿಗೆ ಪಾಠ ಮಾಡುವ ಯಾರಿಗಾದರೂ ಇದು ಗೊತ್ತು: ಈ ವಯಸ್ಸಿನ ಮಕ್ಕಳಿಗೆ ಸುಳ್ಳು ಅಂಗಡಿಯ ಆಟ ಸಾಕಾಗಿರುತ್ತದೆ, ಅವರಿಗೆ ನಿಜವಾದ ಅಂಗಡಿ ಬೇಕು. ಯಾಕೆ, ಹೇಗೆ ಎಂದು ಕೇಳಲು ಶುರುಮಾಡುವುದೂ ಆಗಲೇ. ಹಂಚಿಕೆಯಲ್ಲಿ ಅನ್ಯಾಯವಾದರೆ ಜಗಳಕ್ಕೆ ನಿಲ್ಲುವುದೂ ಆಗಲೇ. ಮಗು ಬೆಳೆಯುವ ಹಂತವನ್ನು ನೋಡಿ ಕೆಲಸ ಕೊಡಬೇಕು ಎಂದು ಝಾಕಿರ್ ಸಾಹೇಬರು ಹೇಳುತ್ತಿದ್ದುದರ ಅರ್ಥ ಇದೇ. ಚಿಕ್ಕ ಮಗುವಿಗೆ ಆಟವೇ ಕೆಲಸ. ಸ್ವಲ್ಪ ದೊಡ್ಡದಾದ ಮೇಲೆ ಕೆಲಸಕ್ಕೆ ಒಂದು ಗುರಿ ಬೇಕು, ಕೊನೆಯಲ್ಲಿ ಒಂದು ವಸ್ತು ಕೈಗೆ ಬರಬೇಕು.

ಚಿಕ್ಕ ಮಕ್ಕಳ ವಿಭಾಗಕ್ಕೆ 1930ರ ದಶಕದ ಆರಂಭದಲ್ಲಿ ಜರ್ಮನಿಯಿಂದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ ಬಂದರು. ಬರ್ಲಿನ್ನಿನಲ್ಲೇ ಈ ಮೂವರು ಗೆಳೆಯರ ಪರಿಚಯವಾಗಿತ್ತು. ಜಾಮಿಯಾದ ಮಕ್ಕಳಿಗೆ ಅವರು ಆಪಾಜಾನ್ ಆದರು. ಮಹಾಯುದ್ಧ ಬಂದಾಗ, ಜರ್ಮನ್ ಪ್ರಜೆ ಎಂಬ ಒಂದೇ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತು. 1943ರಲ್ಲಿ ಅವರು ತೀರಿಕೊಂಡರು. ಜಾಮಿಯಾದ ಖಬರಸ್ತಾನದಲ್ಲೇ ಅವರ ಸಮಾಧಿಯಿದೆ.

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಜಾಮಿಯಾದ ಸ್ವಂತ ಕಟ್ಟಡಕ್ಕೆ ಅಡಿಗಲ್ಲು ಹಾಕಿದಾಗ ಯಾವ ನವಾಬರನ್ನೂ ನಾಯಕರನ್ನೂ ಅದಕ್ಕೆ ಕರೆಯಲಿಲ್ಲ. ಶಾಲೆಯ ಎಲ್ಲರಿಗಿಂತ ಚಿಕ್ಕ ವಿದ್ಯಾರ್ಥಿಯ ಕೈಯಿಂದ ಕಲ್ಲು ಇಡಿಸಿದರು. ಹುಡುಗರ ಬೂಟುಗಳು ಕೊಳಕಾಗಿರುತ್ತಿದ್ದ ಕಾಲದಲ್ಲಿ, ಕುಲಪತಿಗಳೇ ಬ್ರಷ್ಷು ಪಾಲಿಶ್ ಹಿಡಿದು ಗೇಟಿನಲ್ಲಿ ನಿಂತು ಹುಡುಗರ ಬೂಟು ಉಜ್ಜಿದರೆಂಬ ಸಂಗತಿಯನ್ನು ಜಾಮಿಯಾದವರು ಇಂದಿಗೂ ಹೇಳುತ್ತಾರೆ. ಮಾರನೆಯ ದಿನದಿಂದ ಬೂಟುಗಳು ಹೊಳೆಯತೊಡಗಿದವಂತೆ.

ಇನ್ನೊಂದು ಪ್ರಸಂಗ ಬರೆಯುವಾಗ ಕೈ ನಡುಗುತ್ತದೆ. ಒಂದು ದಿನ ಝಾಕಿರ್ ಸಾಹೇಬರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದರು. ಜವಾನ ಬಂದು ಕಿವಿಯಲ್ಲಿ ಏನೋ ಹೇಳಿದ. ಅವರು ಹಂಚುವುದನ್ನು ನಿಲ್ಲಿಸಲಿಲ್ಲ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಗಂಟೆ ಬಾರಿಸಿತು, ಆಗ ಎಲ್ಲರಿಗೂ ತಿಳಿಯಿತು: ಅವರ ಮೂರು ವರ್ಷದ ಮಗಳು ರೆಹಾನಾ ತೀರಿಕೊಂಡಿದ್ದಳು. ಮಕ್ಕಳು ಅಷ್ಟು ಖುಷಿಯಲ್ಲಿದ್ದಾಗ ಅದನ್ನು ಕೆಡಿಸಲು ಮನಸ್ಸು ಬರಲಿಲ್ಲವೆಂದು ಅವರು ಆಮೇಲೆ ಹೇಳಿದರು. ಇದನ್ನು ಸಬರ್ ಎನ್ನಬೇಕೋ, ತಂದೆಯ ಮನಸ್ಸಿನ ಮೇಲೆ ಅವರೇ ಹೇರಿಕೊಂಡ ಕಾಠಿಣ್ಯ ಎನ್ನಬೇಕೋ, ಓದುವವರೇ ನಿರ್ಧರಿಸಬೇಕು.

ಆ ಮಗಳ ಹೆಸರು ಮಾತ್ರ ಉಳಿಯಿತು. ಝಾಕಿರ್ ಸಾಹೇಬರು ಜಾಮಿಯಾದ ಮಕ್ಕಳ ಪತ್ರಿಕೆ 'ಪಯಾಮ್-ಎ-ತಾಲೀಮ್'ಗೆ ಕಥೆಗಳನ್ನು ಬರೆಯುವಾಗ ರುಖಯ್ಯಾ ರೆಹಾನಾ ಎಂಬ ಹೆಸರನ್ನು ಇಟ್ಟುಕೊಂಡರು. 'ಅಬ್ಬು ಖಾನ್ ಕೀ ಬಕ್ರಿ' ಎಂಬ ಕಥೆಯನ್ನು ಉರ್ದು ಶಾಲೆಯಲ್ಲಿ ಓದಿದ ಎಷ್ಟೋ ಜನ ಬಲ್ಲರು. ಅದರ ಮೂಲ ಫ್ರೆಂಚ್ ಲೇಖಕ ದೋದೆಯ ಒಂದು ಕಥೆ. ಝಾಕಿರ್ ಸಾಹೇಬರು ಅದನ್ನು ಅಲ್ಮೋರಾದ ಬೆಟ್ಟಕ್ಕೆ ತಂದರು. ತಪ್ಪಿಸಿಕೊಂಡು ಬೆಟ್ಟ ಸೇರಿದ ಚಾಂದನಿ ಎಂಬ ಮೇಕೆ ರಾತ್ರಿಯಿಡೀ ತೋಳದೊಡನೆ ಹೋರಾಡಿ ಬೆಳಗಿನ ಜಾವ ಸಾಯುತ್ತದೆ. ಗೆದ್ದವರಾರು ಎಂದು ಮರದ ಮೇಲಿನ ಹಕ್ಕಿಗಳಲ್ಲಿ ವಾದವಾಗುತ್ತದೆ. ಎಲ್ಲವೂ ತೋಳವೆಂದರೆ ಒಂದು ಮುದಿ ಹಕ್ಕಿ ಮಾತ್ರ ಚಾಂದನಿ ಎನ್ನುತ್ತದೆ. ತರಗತಿಯಲ್ಲಿ ಈ ಕಥೆ ಓದಿಸಿದರೆ ಮಕ್ಕಳ ನಡುವೆ ಅದೇ ವಾದ ಈಗಲೂ ಎದ್ದೇ ಏಳುತ್ತದೆ. ಶಿಕ್ಷಕರು ಸುಮ್ಮನಿದ್ದರೆ ಸಾಕು.

ಇನ್ನು ವಾರ್ಧಾದ ವಿಷಯ. 1937ರಲ್ಲಿ ಹಲವು ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದವು. ಎಲ್ಲ ಮಕ್ಕಳಿಗೂ ಶಿಕ್ಷಣ ಕೊಡಬೇಕು, ಆದರೆ ಹಣವೆಲ್ಲಿ? ಒಂದು ಕಸುಬನ್ನು ನಡುವೆ ಇಟ್ಟು ಅದರ ಮೂಲಕವೇ ಎಲ್ಲ ಪಾಠ ಕಲಿಸಬೇಕು, ಮಕ್ಕಳು ತಯಾರಿಸಿದ ವಸ್ತುಗಳಿಂದಲೇ ಶಾಲೆಯ ಖರ್ಚು ಹುಟ್ಟಬೇಕು ಎಂದು ಗಾಂಧೀಜಿಯವರು ಸೂಚಿಸಿದರು. ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸಮ್ಮೇಳನ ನಡೆಯಿತು. ಗಾಂಧೀಜಿಯವರೇ ಅಧ್ಯಕ್ಷರು. ಅಲ್ಲಿ ಎದ್ದು ನಿಂತು ಒಪ್ಪಿಗೆಯಿಲ್ಲದ ಮಾತನ್ನು ಹೇಳುವುದು ಸುಲಭವಾಗಿರಲಿಲ್ಲ. ಝಾಕಿರ್ ಹುಸೇನರು ಹೇಳಿದರು. ಕೆಲಸದ ಮೂಲಕ ಕಲಿಸುವುದು ಹೊಸದೇನಲ್ಲ, ಬೇರೆ ದೇಶಗಳಲ್ಲೂ ಅದು ನಡೆದಿದೆ, ಅದಕ್ಕೆ ತಮ್ಮ ಪೂರ್ಣ ಒಪ್ಪಿಗೆಯಿದೆ ಎಂದರು. ಆದರೆ ಶಾಲೆ ತನ್ನ ಖರ್ಚನ್ನು ತಾನೇ ದುಡಿಯಬೇಕೆಂಬುದಕ್ಕೆ ಒತ್ತು ಕೊಟ್ಟರೆ ಶಿಕ್ಷಕರು ಬಡ ಮಕ್ಕಳಿಂದ ದುಡಿಸಿಕೊಳ್ಳುವ ಮೇಸ್ತ್ರಿಗಳಾಗಿಬಿಡುತ್ತಾರೆ, ಆಗ ತಕಲಿ ಪುಸ್ತಕಕ್ಕಿಂತಲೂ ಕೆಟ್ಟದ್ದಾಗುತ್ತದೆ ಎಂದು ಎಚ್ಚರಿಸಿದರು. ಗಾಂಧೀಜಿಯವರ ದೊಡ್ಡತನವೆಂದರೆ, ಪಠ್ಯಕ್ರಮ ರೂಪಿಸುವ ಸಮಿತಿಗೆ ಹೀಗೆ ಎದುರು ಮಾತನಾಡಿದವರನ್ನೇ ಅಧ್ಯಕ್ಷರನ್ನಾಗಿ ಮಾಡಲಾಯಿತು. ಕೆ.ಜಿ. ಸೈಯದೈನ್, ವಿನೋಬಾ ಭಾವೆ, ಜೆ.ಸಿ. ಕುಮಾರಪ್ಪ ಮೊದಲಾದವರು ಸದಸ್ಯರು. ಡಿಸೆಂಬರ್ 2ಕ್ಕೆ ವರದಿ ಸಿದ್ಧವಾಯಿತು.

ಇದೇ ಬುನಿಯಾದಿ ತಾಲೀಮ್. ನಾವು ಕನ್ನಡದಲ್ಲಿ ಬುನಾದಿ ಎನ್ನುವುದೂ ಅದೇ ಶಬ್ದ. ಏಳರಿಂದ ಹದಿನಾಲ್ಕು ವರ್ಷದವರೆಗೆ ಏಳು ವರ್ಷದ ಉಚಿತ, ಕಡ್ಡಾಯ ಶಿಕ್ಷಣ, ಅದೂ ಮಾತೃಭಾಷೆಯಲ್ಲಿ. ಒಂಬತ್ತು ವರ್ಷದ ಮಗು ಇದರಲ್ಲಿ ಮೂರನೆಯ ತರಗತಿಗೆ ಬರುತ್ತದೆ. ದಿನಕ್ಕೆ ಐದೂವರೆ ಗಂಟೆಯ ಶಾಲೆ. ಅದರಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ, ಸಂಗೀತ, ಚಿತ್ರಕಲೆ ಮತ್ತು ಗಣಿತಕ್ಕೆ ಸೇರಿ 40 ನಿಮಿಷ, ಮಾತೃಭಾಷೆಗೆ 40 ನಿಮಿಷ, ಸಮಾಜ ಮತ್ತು ವಿಜ್ಞಾನಕ್ಕೆ 30 ನಿಮಿಷ, ವ್ಯಾಯಾಮಕ್ಕೆ 10, ಬಿಡುವಿಗೆ 10. ಈ ವೇಳಾಪಟ್ಟಿಯನ್ನು ನೋಡಿದವರು ಇದು ಶಾಲೆಯೋ ಕಾರ್ಖಾನೆಯೋ ಎಂದು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಗಣಿತಕ್ಕೆ ಇಷ್ಟೇ ಸಮಯವೇ ಎಂದು ನಮಗೂ ಅನಿಸುತ್ತದೆ.

ಆದರೆ ಆ 3 ಗಂಟೆ 20 ನಿಮಿಷದ ಒಳಗೇ ಗಣಿತವೂ ಇತ್ತು ಎಂಬುದನ್ನು ಗಮನಿಸಬೇಕು. ನೂಲುವ ಕೆಲಸವನ್ನೇ ತೆಗೆದುಕೊಳ್ಳೋಣ. ನೂಲನ್ನು ಸುತ್ತುವಾಗ ಒಂದು ಸುತ್ತಿಗೆ 4 ಅಡಿ. ಅಂಥ 640 ಸುತ್ತಿಗೆ ಒಂದು ಲಡಿ. ಹಾಗಾದರೆ ಒಂದು ಲಡಿಯಲ್ಲಿ ಎಷ್ಟು ಅಡಿ ನೂಲಿದೆ? ಅರ್ಧ ಗಂಟೆಯಲ್ಲಿ 40 ಸುತ್ತು ನೂತರೆ ಲಡಿ ಮುಗಿಯಲು ಎಷ್ಟು ಹೊತ್ತು ಬೇಕು? ನಿನ್ನೆಗಿಂತ ಇವತ್ತು ಎಷ್ಟು ಹೆಚ್ಚಾಯಿತು? ಹತ್ತಿಯ ತೂಕ ಎಷ್ಟಿತ್ತು, ನೂಲಿನ ತೂಕ ಎಷ್ಟಾಯಿತು, ಕಸವಾಗಿ ಹೋದದ್ದೆಷ್ಟು? ಇವೆಲ್ಲ ಮೂರನೆಯ ತರಗತಿಯ ಗುಣಾಕಾರ, ಭಾಗಾಕಾರ, ವ್ಯವಕಲನಗಳೇ. ವ್ಯತ್ಯಾಸವೆಂದರೆ, ಲೆಕ್ಕದ ವಸ್ತು ಮಗುವಿನ ಕೈಯಲ್ಲೇ ಇದೆ. ಹತ್ತಿ ಎಲ್ಲಿ ಬೆಳೆಯುತ್ತದೆ ಎಂದರೆ ಭೂಗೋಳ, ದಾರ ಏಕೆ ತುಂಡಾಗುತ್ತದೆ ಎಂದರೆ ವಿಜ್ಞಾನ, ಇವತ್ತು ಏನು ಮಾಡಿದೆ ಎಂದು ಬರೆದರೆ ಭಾಷೆ. ಕಸುಬು, ಸುತ್ತಲಿನ ನಿಸರ್ಗ, ಸುತ್ತಲಿನ ಸಮಾಜ, ಈ ಮೂರಕ್ಕೂ ಪಾಠವನ್ನು ಜೋಡಿಸಬೇಕೆಂದು ವರದಿ ಹೇಳಿತ್ತು. ನೂಲುವುದೊಂದೇ ಅಲ್ಲ, ಬಡಗಿ ಕೆಲಸ, ಬೇಸಾಯ, ಹಣ್ಣು ತರಕಾರಿ ತೋಟ, ಚರ್ಮದ ಕೆಲಸ, ಅಥವಾ ಆಯಾ ಊರಿಗೆ ಒಗ್ಗುವ ಬೇರೆ ಕಸುಬು ಇರಬಹುದೆಂದೂ ಹೇಳಿತ್ತು.

1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ ಇದನ್ನು ಒಪ್ಪಿತು. ಹಿಂದೂಸ್ತಾನಿ ತಾಲೀಮಿ ಸಂಘ ಹುಟ್ಟಿತು, ಝಾಕಿರ್ ಹುಸೇನರೇ ಅಧ್ಯಕ್ಷರಾದರು. ಶಿಕ್ಷಕರು ತಯಾರಾಗದೆ ಇದು ನಡೆಯದೆಂದು ಅದೇ ವರ್ಷ ಜಾಮಿಯಾದಲ್ಲಿ ಉಸ್ತಾದೋಂ ಕಾ ಮದ್ರಸಾ, ಅಂದರೆ ಶಿಕ್ಷಕರ ತರಬೇತಿ ಸಂಸ್ಥೆ ತೆರೆದರು. ಅಷ್ಟರಲ್ಲಿ ಟೀಕೆಗಳ ಮಳೆ ಸುರಿಯಿತು. ಇದರಲ್ಲಿ ಧಾರ್ಮಿಕ ಶಿಕ್ಷಣವಿಲ್ಲ, ಇದು ಮುಸ್ಲಿಮರ ತಹಜೀಬನ್ನು ಅಳಿಸುವ ಯೋಜನೆ ಎಂದು ಮುಸ್ಲಿಂ ಲೀಗ್ ದೂರಿತು. ಸ್ವತಃ ನಮಾಜು ರೋಜಾಗಳ ಮನೆಯಲ್ಲಿ ಬೆಳೆದು, ಕೌಮಿನ ಮಕ್ಕಳಿಗಾಗಿ ಅರೆಹೊಟ್ಟೆಯಲ್ಲಿ ದುಡಿಯುತ್ತಿದ್ದವರಿಗೆ ಈ ಮಾತು ಎಷ್ಟು ನೋವು ಕೊಟ್ಟಿರಬೇಕು! ಆದರೂ ಲೀಗಿನವರ ಭಯವನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ. ಯೋಜನೆಯನ್ನು ಜಾರಿಗೆ ತಂದ ಕೆಲವು ಪ್ರಾಂತ್ಯಗಳ ರೀತಿಯಲ್ಲಿ ಆಕ್ಷೇಪಕ್ಕೆ ಎಡೆಯಿತ್ತು, 'ವಿದ್ಯಾ ಮಂದಿರ' ಎಂಬ ಹೆಸರೇ ಒಂದು ಕಡೆ ಜಗಳವಾಯಿತು. ಝಾಕಿರ್ ಸಾಹೇಬರು ಯಾರ ಮೇಲೂ ಕೆಸರೆರಚದೆ ತಮ್ಮ ಶಾಲೆಗೆ ಮರಳಿದರು.

1946ರ ನವೆಂಬರಿನಲ್ಲಿ ಜಾಮಿಯಾದ ಬೆಳ್ಳಿಹಬ್ಬ. ಊರೂರಿನಲ್ಲಿ ಗಲಭೆ ಹೊತ್ತಿ ಉರಿಯುತ್ತಿದ್ದ ಹೊತ್ತು. ಒಂದೇ ವೇದಿಕೆಯಲ್ಲಿ ನೆಹರೂ, ಮೌಲಾನಾ ಆಜಾದ್, ಜಿನ್ನಾ, ಲಿಯಾಖತ್ ಅಲಿ ಖಾನ್ ಅವರನ್ನು ಕೂರಿಸುವ ಶಕ್ತಿ ಆಗ ಬೇರೆ ಯಾವ ಸಂಸ್ಥೆಗೂ ಇರಲಿಲ್ಲ. ಈ ಬೆಂಕಿಯನ್ನು ಹಚ್ಚಿದವರು ಯಾರು ಎಂದು ಆಮೇಲೆ ವಿಚಾರಿಸಿ, ಮೊದಲು ಆರಿಸಿ ಎಂದು ಝಾಕಿರ್ ಸಾಹೇಬರು ಆ ನಾಯಕರಲ್ಲಿ ಬೇಡಿಕೊಂಡರು. ಮರುವರ್ಷ, ವಿಭಜನೆಯ ದಿನಗಳಲ್ಲಿ, ಕಾಶ್ಮೀರಕ್ಕೆ ಹೊರಟಿದ್ದ ಅವರು ಜಾಲಂಧರ್ ನಿಲ್ದಾಣದಲ್ಲಿ ಗುಂಪಿನ ಕೈಗೆ ಸಿಕ್ಕಿ ಸಾಯುವುದರಲ್ಲಿದ್ದರು. ಉಳಿಸಿದವರು ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ನೌಕರ.

ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ: 1948ರಿಂದ 1956ರವರೆಗೆ ಅಲಿಘಡದ ಕುಲಪತಿ, 1957ರಲ್ಲಿ ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಎಲ್ಲಿ ಹೋದರೂ ಗುಲಾಬಿ ಗಿಡ ನೆಡುವುದು, ಬಣ್ಣಬಣ್ಣದ ಕಲ್ಲುಗಳನ್ನೂ ಪಳೆಯುಳಿಕೆಗಳನ್ನೂ ಕೂಡಿಡುವುದು ಬಿಡಲಿಲ್ಲ. ಚಂಡೀಗಢದ ದೊಡ್ಡ ಗುಲಾಬಿ ತೋಟಕ್ಕೆ ಅವರದೇ ಹೆಸರಿದೆ.

ಸ್ವಾತಂತ್ರ್ಯಾನಂತರ ಸರ್ಕಾರಗಳು ಊರೂರಿಗೆ ಬೇಸಿಕ್ ಶಾಲೆಗಳನ್ನು ತೆರೆದವು. ಬೋರ್ಡು ಬದಲಾಯಿತು, ತಕಲಿ ಬಂತು, ಒಳಗೆ ಅದೇ ಬಾಯಿಪಾಠ. ಅನೇಕ ಕಡೆ ಮಕ್ಕಳು ನೂತ ನೂಲಿಗೂ ಅವರು ಬರೆಯುತ್ತಿದ್ದ ಲೆಕ್ಕಕ್ಕೂ ಸಂಬಂಧವೇ ಇರಲಿಲ್ಲ. ಮೇಲ್ದರ್ಜೆಯವರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಲಿಲ್ಲ, ಬಡವರು ಇದು ಬಡವರ ಶಾಲೆಯೆಂದು ಹಿಂಜರಿದರು. 1937ರಲ್ಲಿ ತಾವೇ ಕೊಟ್ಟ ಎಚ್ಚರಿಕೆ ನಿಜವಾಗುವುದನ್ನು ಝಾಕಿರ್ ಹುಸೇನರು ಕಣ್ಣಾರೆ ಕಂಡರು. ದೊಡ್ಡ ಪದವಿಯಲ್ಲಿದ್ದೇನೆಂದು ಅದನ್ನು ಮುಚ್ಚಿಡಲಿಲ್ಲ. ಬುನಿಯಾದಿ ತಾಲೀಮಿನ ಹೆಸರಿನಲ್ಲಿ ನಡೆಯುತ್ತಿರುವುದು ತಾವು ಹೇಳಿದ ತಾಲೀಮಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. 1958ರ ಪಟೇಲ್ ಸ್ಮಾರಕ ಉಪನ್ಯಾಸಗಳಲ್ಲಿ ಮತ್ತೆ ಅದೇ ಹಳೆಯ ವಿಷಯಕ್ಕೆ ಬಂದರು: ಯಾವ ಕೆಲಸ ಶಿಕ್ಷಣವಾಗುತ್ತದೆ, ಯಾವುದು ಆಗುವುದಿಲ್ಲ. ಸ್ವಂತ ಹೆಸರು ಅಂಟಿಕೊಂಡಿರುವ ಯೋಜನೆಯೊಂದು ಸೋತಿದೆ ಎಂದು ಅಧಿಕಾರದಲ್ಲಿರುವವರು ಹೇಳುವುದನ್ನು ನಾವು ಎಷ್ಟು ಸಲ ಕೇಳಿದ್ದೇವೆ?

1969ರ ಮೇ 3ರಂದು ರಾಷ್ಟ್ರಪತಿ ಭವನದಲ್ಲೇ ಅವರು ಹೃದಯಾಘಾತದಿಂದ ಇಂತಕಾಲಾದರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಓಖ್ಲಾದಲ್ಲಿ, ಆ ಚಿಕ್ಕ ಹುಡುಗ ಅಡಿಗಲ್ಲು ಇಟ್ಟ ಜಾಮಿಯಾದ ಆವರಣದಲ್ಲಿಯೇ ಅವರನ್ನು ದಫನ್ ಮಾಡಲಾಯಿತು.